ನಿಂಗೆ ಎಷ್ಟು ಹಾಕಿದ್ರೆ ಒಳ್ಳೇದು?

"ನಿಂಗೆ ಎಷ್ಟು ಹಾಕಿದ್ರೆ ಒಳ್ಳೇದು, ಹೇಳಮ್ಮ."

ಮಂಗಳವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಕೇಳಿದವರು ಸೊಂಟನೋವಿಗೆ ಎಂಟು ವಾರದಿಂದ ನನ್ನ ಹತ್ತಿರ ಯೋಗ ಚಿಕಿತ್ಸೆಗೆ ಬರುತ್ತಿರುವ ಒಬ್ಬ ಅಜ್ಜಿ. ಕೈಯಲ್ಲಿ ಫಾರ್ಮ್. ಸೊನ್ನೆ ಅಂದರೆ ನೋವೇ ಇಲ್ಲ, 10 ಅಂದರೆ ತಡೆಯಲಾರದ ನೋವು. ನಾನು ಎದುರಿಗೇ ಕೂತಿದ್ದೆ. ಪೆನ್ನೂ ನನ್ನದೇ.

"ನಿಮಗೆ ಅನ್ನಿಸಿದ್ದು ಹಾಕಿ ಅಜ್ಜಿ" ಅಂದೆ. ನನ್ನ ಮುಖ ನೋಡಿದರು, ನಕ್ಕರು, 3 ಹಾಕಿದರು. ಆಮೇಲೆ ಏಳುವಾಗ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. ನಾನು ಆ 3 ಅನ್ನು ಕಂಪ್ಯೂಟರಿಗೆ ಹಾಕಿದೆ.

ಮರುದಿನದಿಂದ ಎರಡು ದಿನ ನಮಗೆ ಮೌಲ್ಯಮಾಪನದ ತರಬೇತಿ. ನಮ್ಮದು ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗ: ಡಾಕ್ಟರು, ಫಿಸಿಯೋಥೆರಪಿ, ಅಕ್ಯುಪಂಕ್ಚರ್, ಯೋಗ, ಆಪ್ತ ಸಮಾಲೋಚನೆ ಎಲ್ಲ ಒಂದೇ ಕಡೆ. ಇದರಿಂದ ಏನು ಉಪಯೋಗ ಆಯ್ತು ತೋರಿಸಿ ಅಂತ ಹಣ ಕೊಡುವವರು ಕೇಳಿದ್ದರು. ಹೇಳಿಕೊಡಲು ಬಂದವನು ಚಿಕ್ಕ ವಯಸ್ಸಿನವನು. ಪಟಪಟ ಮಾತು, ತನ್ನ ಜೋಕಿಗೆ ತಾನೇ ಮೊದಲು ನಗುತ್ತಾನೆ. ಇಷ್ಟವಾಗಲಿಲ್ಲ. ಆದರೆ ಕೆಲಸ ಗೊತ್ತಿತ್ತು.

ನಮ್ಮ ಮುಖ್ಯಸ್ಥರು ತಮ್ಮ ನೆಚ್ಚಿನ ಗ್ರಾಫ್ ತೋರಿಸಿದರು. ನೋವಿನ ಸರಾಸರಿ 7ರಿಂದ 4ಕ್ಕೆ ಇಳಿದಿದೆ. 10ರ ಅಳತೆಯಲ್ಲಿ ಸುಮಾರು 2 ಅಂಕ ಇಳಿದರೂ ರೋಗಿಗೆ ವ್ಯತ್ಯಾಸ ತಿಳಿಯುತ್ತದೆ ಅಂತ ಲೆಕ್ಕ. ಹಾಗಾಗಿ ನಾವೆಲ್ಲ ಬೀಗುತ್ತಿದ್ದೆವು. ಅವನು ಕೇಳಿದ್ದು ಒಂದೇ: "ಇದು ಕೊನೆವರೆಗೂ ಬಂದವರದ್ದು. ಶುರು ಮಾಡಿದವರು ಎಷ್ಟು ಜನ?"

ಯಾರಿಗೂ ಗೊತ್ತಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ರಿಸೆಪ್ಷನ್ ಹುಡುಗಿ ಸುಮ್ನೆ ಎದ್ದು ಹೋಗಿ ಒಂದು ನೋಟ್‌ಬುಕ್ ತಂದಳು. ಮಧ್ಯದಲ್ಲಿ ಬಿಟ್ಟವರ ಹೆಸರು, ಫೋನಿನಲ್ಲಿ ಅವರು ಹೇಳಿದ ಕಾರಣ. ನೋವು ಜಾಸ್ತಿ ಆಯ್ತು. ರಜೆ ಸಿಗಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಾಲ್ಕು ವರ್ಷದಿಂದ ಬರೆದಿದ್ದಾಳೆ! ಬರಿ ಅಂತ ಯಾರೂ ಹೇಳಿರಲಿಲ್ಲ, ತೋರಿಸು ಅಂತಲೂ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವನು ಅಷ್ಟಕ್ಕೇ ಬಿಡಲಿಲ್ಲ. ಜನ ನೋವು ತಡೆಯಲಾಗದೆ ಇದ್ದಾಗ ಬರುತ್ತಾರೆ. ಏನೂ ಮಾಡದಿದ್ದರೂ ಅದು ಸ್ವಲ್ಪ ಇಳಿಯುತ್ತದೆ. ವಿಪರೀತವಾಗಿರುವುದು ಸರಾಸರಿಯ ಕಡೆಗೆ ಬರುವ ಈ ಗುಣವನ್ನು 1886ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಎಂಬ ಬ್ರಿಟಿಷ್ ವಿಜ್ಞಾನಿ ಅಪ್ಪ ಅಮ್ಮ ಮತ್ತು ಮಕ್ಕಳ ಎತ್ತರ ಹೋಲಿಸಿ ತೋರಿಸಿದ್ದ. ನನಗೆ ಸಿಟ್ಟು ಬಂತು. "ಹಾಗಾದರೆ ನಾನು ಮಾಡಿದ್ದೆಲ್ಲ ಏನೂ ಅಲ್ವಾ?" ಅಂದೆ. "ಗೊತ್ತಿಲ್ಲ ಮೇಡಂ. ಸರದಿಗೆ ಕಾಯ್ತಾ ಇರೋರನ್ನೂ ಅಳೆದು ಹೋಲಿಸಿದ್ರೆ ಸ್ವಲ್ಪ ಗೊತ್ತಾಗುತ್ತೆ" ಅಂದ. ಮೆತ್ತಗೆ ಹೇಳಿದ. ಅದಕ್ಕೇ ಇನ್ನೂ ಸಿಟ್ಟು.

ಕಾಡುತ್ತಿದ್ದ ಅಜ್ಜಿಯ ಮಾತನ್ನು, ಆ 3 ಅನ್ನು, ಊಟದ ಬಿಡುವಿನಲ್ಲಿ ಅವನಿಗೆ ಹೇಳಿದೆ. ಈ ಸಲ ಅವನು ನಗಲಿಲ್ಲ. ಚಿಕಿತ್ಸೆ ಕೊಟ್ಟವರ ಮುಂದೆ ಯಾರು ನಿಜ ಬರೀತಾರೆ ಅಂದ. ಆಮೇಲೆ ಮೈಮಾಪ್ (MYMOP) ಅನ್ನುವ ಫಾರ್ಮ್ ತೋರಿಸಿದ. 1996ರಲ್ಲಿ ಷಾರ್ಲೆಟ್ ಪ್ಯಾಟರ್ಸನ್ ಎಂಬ ಬ್ರಿಟಿಷ್ ವೈದ್ಯೆ ಪ್ರಕಟಿಸಿದ್ದು. ಅದರಲ್ಲಿ ಯಾವ ತೊಂದರೆ ಮುಖ್ಯ, ಯಾವ ಕೆಲಸ ಮಾಡಲಾಗುತ್ತಿಲ್ಲ ಅಂತ ರೋಗಿಯೇ ಹೆಸರಿಸಿ, ಅದಕ್ಕೆ 0ಯಿಂದ 6ರವರೆಗೆ ಅಂಕ ಕೊಡಬೇಕು. ಅಜ್ಜಿ ಎಂಟು ವಾರದಿಂದ ಹೇಳುತ್ತಿರುವುದು ಒಂದೇ, ಮೊಮ್ಮಗುವನ್ನು ಎತ್ತಿಕೊಳ್ಳಬೇಕು. ನಮ್ಮ ಫಾರ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಬಿಟ್ಟುಹೋದವರಿಗೆ ಫೋನ್ ಮಾಡುವುದು ಯಾರು, ಅದಕ್ಕೆ ಸಮಯ ಎಲ್ಲಿದೆ ಅಂತ ಕೊನೆಯಲ್ಲಿ ಕೇಳಿದೆ. "ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಳ್ಳಿ" ಅಂದರು ಮುಖ್ಯಸ್ಥರು. ಅಂದರೆ ರಿಸೆಪ್ಷನ್ ಹುಡುಗಿಯೇ ಮಾಡುತ್ತಾಳೆ. ತರಬೇತಿಗೆ ಖರ್ಚು ಮಾಡಲು ದುಡ್ಡು ಇತ್ತು, ಅವಳಿಗೆ ವಾರಕ್ಕೆ ಎರಡು ಗಂಟೆ ಬಿಡುವು ಕೊಡಲು ಆಗಲ್ಲ.

ಶುಕ್ರವಾರ ಅಜ್ಜಿ ಬಂದರು. ಹೊಸ ಫಾರ್ಮನ್ನು ರಿಸೆಪ್ಷನ್ ಹುಡುಗಿಯೇ ಕೊಟ್ಟಳು, ನಾನು ಹೊರಗಿದ್ದೆ. ಮೊಮ್ಮಗುವನ್ನು ಎತ್ತಿಕೊಳ್ಳುವುದು ಅಂತ ಬರೆದಿದ್ದರು. ಅದಕ್ಕೆ 5. ನೋವಿಗೂ 5. ಈ ಫಾರ್ಮಿನಲ್ಲಿ 6 ಅಂದರೆ ತೀರಾ ಕೆಟ್ಟದ್ದು.

ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳಿದರು: "ಬೇಜಾರಾಯ್ತೇನಮ್ಮ?"