ಲ್ಯಾಮಿನೇಷನ್ ಜೊತೆ ಕುಸ್ತಿ: ಮೊಹರು ಕಾಣಿಸಿತು

ನಿನ್ನೆ ರಾತ್ರಿ ಕೊನೆಗೂ ಅಜ್ಜನ ಚೀಟಿಯ ಮೇಲಿನ ಸರ್ಕಾರಿ ಮೊಹರು ಕ್ಯಾಮೆರಾದಲ್ಲಿ ಕಾಣಿಸಿತು. ನೇರಳೆ ಶಾಯಿ, ಅಂಚಿನ ಅಕ್ಷರಗಳ ಸಮೇತ. ಶರಾವತಿ ಮುಳುಗಡೆಯ ಬಗ್ಗೆ ನಾನು ಮಾಡುತ್ತಿರುವ ಫಿಲ್ಮಿನ ಕೆಲಸ ಈ ಒಂದು ಶಾಟಿಗೇ ನಿಂತುಬಿಟ್ಟಿತ್ತು.

1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಜ್ಜನ ಮನೆ, ತೋಟ, ಗದ್ದೆ ಎಲ್ಲ ಮುಳುಗಿತು. ಬದಲಿಗೆ ಕಾಡಂಚಿನಲ್ಲಿ ಜಾಗ ತೋರಿಸಿ ಒಂದು ಚೀಟಿ ಕೊಟ್ಟರು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಅರಣ್ಯದ ಜಾಗ ಬಿಡಿಸಿಕೊಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ನಮಗೆ ಪಟ್ಟಾ ಇನ್ನೂ ಬಂದಿಲ್ಲ. ಕಚೇರಿಯೊಳಗೆ ಕ್ಯಾಮೆರಾ ಬಿಡುವುದಿಲ್ಲ. ಹಾಗಾಗಿ ನನ್ನ ಫಿಲ್ಮಿನಲ್ಲಿ ಸರ್ಕಾರ ಅಂದರೆ ಈ ಚೀಟಿ ಒಂದೇ.

ಅದನ್ನು ಅಪ್ಪ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿಟ್ಟಿದ್ದಾರೆ. ಪ್ಲಾಸ್ಟಿಕ್ ಅಲ್ಲಲ್ಲಿ ಎದ್ದು ಗುಳ್ಳೆ ಬಂದಿದೆ. ಲೈಟ್ ಎಲ್ಲಿಟ್ಟರೂ ಹೊಳಪು ಹೋಗಿ ಕೂರುವುದು ಮೊಹರಿನ ಮೇಲೆಯೇ. ಬಿಚ್ಚೋಣ ಅಂದರೆ ಅಪ್ಪ ಒಪ್ಪುವುದಿಲ್ಲ. ‘ನಾಳೆ ಆಫೀಸಿನಲ್ಲಿ ಅಸಲು ಕೇಳಿದರೆ ನಿನ್ನ ಫಿಲ್ಮ್ ತೋರಿಸಲೇನೋ?’

ಉಳಿದದ್ದು ಕ್ರಾಸ್ ಪೋಲರೈಸೇಷನ್: ಲೈಟಿನ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿ, ಆ ದಿಕ್ಕಿನ ಬೆಳಕನ್ನು ಲೆನ್ಸಿನಲ್ಲಿ ತಡೆಯುವುದು. ಎರಡೂ ಎಲ್‌ಇಡಿ ಪ್ಯಾನೆಲ್ ಮುಂದೆ ಒಂದೇ ದಿಕ್ಕಿನಲ್ಲಿ ಲೀನಿಯರ್ ಪೋಲರೈಸರ್ ಶೀಟ್, ಲೆನ್ಸಿಗೆ ಸಿಪಿಎಲ್ (ತಿರುಗಿಸಬಹುದಾದ ಪೋಲರೈಸರ್ ಫಿಲ್ಟರ್). ಶೀಟ್ ಅಂತ ಆನ್‌ಲೈನ್ ಮಾರಾಟಗಾರ ಮೊದಲು ಕಳಿಸಿದ್ದು ಕಾರಿನ ಕಿಟಕಿಗೆ ಅಂಟಿಸುವ ಕಪ್ಪು ಫಿಲ್ಮ್! ನಿಜವಾದ ಪೋಲರೈಸರ್ ಆದರೆ ಲ್ಯಾಪ್‌ಟಾಪ್ ಸ್ಕ್ರೀನ್ ಮುಂದೆ ಹಿಡಿದು ತಿರುಗಿಸಿದಾಗ ಕತ್ತಲಾಗಬೇಕು ಸ್ವಾಮಿ, ಅಲ್ವಾ? ಕೇಳಿದರೆ ‘ಸರ್, ಇದೂ ಗ್ಲೇರ್ ತಡೆಯುತ್ತೆ’ ಅಂತ ಉತ್ತರ.

ಸರಿಯಾದ ಶೀಟ್ ಬಂದ ಮೇಲೆ ಸಿಪಿಎಲ್ ತಿರುಗಿಸಿದೆ. ಬಿಳಿ ಹೊಳಪು ಮಾಯ. ಅದರ ಜಾಗದಲ್ಲಿ ಕಾಮನಬಿಲ್ಲು! ಗುಳ್ಳೆ ಇರುವಲ್ಲೆಲ್ಲ ಗುಲಾಬಿ, ಹಸಿರು ಪಟ್ಟೆ. ಲ್ಯಾಮಿನೇಷನ್ನಿನ ಪಾಲಿಯೆಸ್ಟರ್ ಹಾಳೆಯನ್ನು ಎಳೆದು ತಯಾರಿಸಿರುತ್ತಾರೆ. ಅದು ಬೆಳಕಿನ ಪೋಲರೈಸೇಷನ್ನನ್ನೇ ಬದಲಿಸುತ್ತದೆ, ಒಂದೊಂದು ಬಣ್ಣಕ್ಕೆ ಒಂದೊಂದು ಥರ. ಮೇಲ್ಮೈಯ ಹೊಳಪನ್ನು ಸಿಪಿಎಲ್ ತಡೆಯುತ್ತದೆ. ಹಾಳೆಯೊಳಗೆ ಹೋಗಿ, ಗುಳ್ಳೆಯ ಗಾಳಿಗೆ ತಾಗಿ ವಾಪಸ್ ಬಂದ ಬೆಳಕು ಮಾತ್ರ ನುಸುಳಿಕೊಳ್ಳುತ್ತದೆ.

ಉಪಾಯ ಇಷ್ಟೇ: ಲೈಟ್ ಮುಟ್ಟಬೇಡಿ, ಚೀಟಿಯನ್ನೇ ತಿರುಗಿಸಿ. ನಾನು ಕೇಕ್ ತಿರುಗಿಸುವ ಸ್ಟ್ಯಾಂಡ್ ಮೇಲಿಟ್ಟೆ. ಪ್ಲಾಸ್ಟಿಕ್ ಹಾಳೆಯ ಅಕ್ಷ ಲೈಟಿನ ಮುಂದಿನ ಶೀಟಿನ ದಿಕ್ಕಿಗೆ ಹೊಂದಿದ ಕೂಡಲೇ ಬಣ್ಣ ಆರಿಹೋಗುತ್ತದೆ. ಚೀಟಿ ಓರೆಯಾಯಿತೇ? ಕ್ಯಾಮೆರಾವನ್ನೂ ಅಷ್ಟೇ ಓರೆ ಮಾಡಿ, ಸಿಪಿಎಲ್ ಮತ್ತೆ ಹೊಂದಿಸಿ.

ಸ್ವಚ್ಛ ಶಾಟ್ ಸಿಕ್ಕರೂ ಫಿಲ್ಮಿಗೆ ಇಟ್ಟುಕೊಂಡದ್ದು ತಿರುಗುವ ಟೇಕ್. ಬಣ್ಣದ ಗಲಾಟೆಯಿಂದ ಮೊಹರು ಹೊರಬರುತ್ತದೆ, ಮತ್ತೆ ಕಳೆದುಹೋಗುತ್ತದೆ. ಅದರ ಮೇಲೆ ಹಿನ್ನೀರಿನ ದಡದಲ್ಲಿ ಮನೆ ಹುಡುಕುವ ಅಪ್ಪನ ದನಿ: ‘ಅಲ್ಲಿ... ಅಲ್ಲ, ಆ ನಡುಗಡ್ಡೆಯ ಈಚೆ.’ ನನ್ನ ವಾಯ್ಸ್ ಓವರ್ ಬರೆಯುವ ಕಷ್ಟ ತಪ್ಪಿತು.

ಮುಂದಿನದು ಹಿರೇಭಾಸ್ಕರ. ಲಿಂಗನಮಕ್ಕಿಗಿಂತ ಹಳೆಯ ಅಣೆಕಟ್ಟು. ಅದನ್ನೂ ಇದೇ ಹಿನ್ನೀರು ನುಂಗಿದೆ, ಅಂದರೆ ಅಣೆಕಟ್ಟನ್ನೇ ಒಕ್ಕಲೆಬ್ಬಿಸಿದ್ದಾರೆ! ನೀರು ಚೆನ್ನಾಗಿ ಇಳಿದ ಬೇಸಿಗೆಯಲ್ಲಿ ಸೈಫನ್ (ಹೆಚ್ಚಾದ ನೀರು ತಾನಾಗಿಯೇ ಹೊರಹೋಗುವ ಕೊಳವೆ) ಸಮೇತ ಎದ್ದು ಕಾಣುತ್ತದೆ. ಆ ಸೈಫನ್ ಬಾಯಿಯೊಳಗೆ ಮೈಕ್ ಇಳಿಬಿಡುವ ಆಸೆ. ಮೈಕಿಗೆ ಹಾಕುವ ಉದ್ದದ ಎಕ್ಸ್‌ಎಲ್‌ಆರ್ ಕೇಬಲ್ ಯಾರ ಹತ್ತಿರ ಇದೆ?