‘ದಾಖಲೆಗಳು ಅಪೂರ್ಣ’ ಎಂದು ನಾನು ಬರೆದ 31 ಅರ್ಜಿಗಳು

ನಾಡಕಚೇರಿಯಲ್ಲಿ ಉಪ ತಹಶೀಲ್ದಾರನಾಗಿದ್ದ ಎರಡನೆಯ ವರ್ಷ, ಒಂದು ತಿಂಗಳ ಕೊನೆಯ ಸಂಜೆ, ಮುಕ್ಕಾಲು ಗಂಟೆಯೊಳಗೆ ನಾನು 31 ಅರ್ಜಿಗಳನ್ನು ತಿರಸ್ಕರಿಸಿದೆ. ಎಲ್ಲದಕ್ಕೂ ಒಂದೇ ಷರಾ: ‘ದಾಖಲೆಗಳು ಅಪೂರ್ಣ’. ಅವುಗಳಲ್ಲಿ ಹೆಚ್ಚಿನವನ್ನು ನಾನು ತೆರೆದು ಕೂಡ ನೋಡಿರಲಿಲ್ಲ. ಇದು ನಡೆದು ಹಲವು ವರ್ಷಗಳಾದವು, ಈಗ ನಾನು ಬೇರೆ ಶಾಖೆಯಲ್ಲಿದ್ದೇನೆ. ಆದರೂ ಇಲಾಖೆಗೆ ಹೊಸದಾಗಿ ಸೇರಿದವರು ಪೆಂಡೆನ್ಸಿ, ಅಂದರೆ ಬಾಕಿ ಅರ್ಜಿಗಳ ಸಂಖ್ಯೆ, ಇಳಿಸುವುದು ಹೇಗೆ ಎಂದು ಕೇಳಿದಾಗಲೆಲ್ಲ ಆ ಸಂಜೆ ನೆನಪಾಗುವುದರಿಂದ, ನಡೆದದ್ದನ್ನು ನಡೆದಂತೆ ಬರೆದಿಡುತ್ತಿದ್ದೇನೆ.

ಮರುದಿನ ಬೆಳಗ್ಗೆ ಜಿಲ್ಲಾ ಮಟ್ಟದ ವಿಡಿಯೊ ಕಾನ್ಫರೆನ್ಸ್ (ವಿ.ಸಿ.) ನಿಗದಿಯಾಗಿತ್ತು. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ‘ಸಕಾಲ’ದ ಪ್ರಗತಿಯಲ್ಲಿ ನಮ್ಮ ತಾಲ್ಲೂಕು ಎರಡು ತಿಂಗಳಿಂದ ಜಿಲ್ಲೆಯ ಕೊನೆಯ ಸ್ಥಾನಗಳಲ್ಲಿತ್ತು, ಅದಕ್ಕೆ ನನ್ನ ಹೋಬಳಿಯ ಬಾಕಿಯೇ ಮುಖ್ಯ ಕಾರಣವಾಗಿತ್ತು. ಎರಡು ವೃತ್ತಗಳಿಗೆ ಗ್ರಾಮ ಲೆಕ್ಕಿಗರಿರಲಿಲ್ಲ; ಇದ್ದ ಒಬ್ಬರಿಗೆ ಅವುಗಳ ಪ್ರಭಾರವನ್ನೂ ವಹಿಸಿ, ಅದರ ಮೇಲೆ ಬೆಳೆಹಾನಿ ಸಮೀಕ್ಷೆ ಮತ್ತು ಮತದಾರರ ಪಟ್ಟಿಯ ಕೆಲಸವನ್ನೂ ಹೊರಿಸಲಾಗಿತ್ತು. ಅವರ ಸ್ಥಳ ಪರಿಶೀಲನಾ ವರದಿ ಬಂದು, ಕಂದಾಯ ನಿರೀಕ್ಷಕರ (ಆರ್.ಐ.) ಲಾಗಿನ್ ದಾಟಿ, ನನ್ನ ಲಾಗಿನ್‌ಗೆ ತಲುಪುವ ಹೊತ್ತಿಗೆ ಗಡುವಿಗೆ ಒಂದೆರಡು ದಿನಗಳಷ್ಟೇ ಉಳಿದಿರುತ್ತಿದ್ದವು. ಆ ದಿನಗಳಲ್ಲಿ ಸರ್ವರ್ ಕೈಕೊಟ್ಟರೆ ಅರ್ಜಿ ಅವಧಿ ಮೀರಿದಂತೆಯೇ.

ಪ್ರಗತಿ ತಖ್ತೆಯಲ್ಲಿ ಎಲ್ಲರ ಕಣ್ಣು ಬೀಳುತ್ತಿದ್ದುದು ಮೂರು ಕಾಲಂಗಳ ಮೇಲೆ: ಸ್ವೀಕೃತಿ, ವಿಲೇವಾರಿ, ಅವಧಿ ಮೀರಿ ಬಾಕಿ. ವಿಲೇವಾರಿ ಎಂದರೆ ಮಂಜೂರಾತಿಯೋ ತಿರಸ್ಕಾರವೋ ಎಂದು ನಾನು ಕುಳಿತ ಯಾವ ಸಭೆಯಲ್ಲೂ ಯಾರೂ ಕೇಳಲಿಲ್ಲ. ಹೀಗಾಗಿ ಗಡುವಿನ ಹಿಂದಿನ ದಿನ ಅರ್ಜಿಯನ್ನು ತಿರಸ್ಕರಿಸಿ ಲೆಕ್ಕ ಚುಕ್ತಾ ಮಾಡುವ ದಾರಿ ಎಲ್ಲರಿಗೂ ಗೊತ್ತಿತ್ತು. ನಾನೂ ಅದನ್ನೇ ಮಾಡಿದೆ. ಮರುದಿನದ ವಿ.ಸಿ.ಯಲ್ಲಿ ನಮ್ಮ ತಾಲ್ಲೂಕಿನ ಸುಧಾರಣೆಗೆ ಮೆಚ್ಚುಗೆಯ ಮಾತು ಬಂತು, ನಾನು ಅದನ್ನು ತಲೆದೂಗಿ ಸ್ವೀಕರಿಸಿದೆ.

ಸಕಾಲ ಕಾಯ್ದೆಯ ಚರಿತ್ರೆ ನನಗೆ ತಿಳಿಯದ್ದೇನಲ್ಲ. 2011ರ ಈ ಕಾಯ್ದೆ 2012ರ ಮಾರ್ಚ್ 1ರಂದು ಔರಾದ್, ಚಿತ್ರದುರ್ಗ, ಧಾರವಾಡ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳೊಂದಿಗೆ ಇಡೀ ರಾಜ್ಯಕ್ಕೆ ಬಂತು. ವಿಳಂಬವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೊಡಬೇಕು, ಅದನ್ನು ತಪ್ಪಿತಸ್ಥ ಅಧಿಕಾರಿಯಿಂದಲೇ ವಸೂಲು ಮಾಡಬೇಕು. ಅರ್ಜಿ ತಿರಸ್ಕೃತವಾದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಇದೆ. ನನ್ನ ಕೌಂಟರಿಗೆ ಬಂದ ಒಬ್ಬರಿಗೂ ಆ ಹಕ್ಕಿನ ವಿಷಯ ನಾನಾಗಿ ಹೇಳಿದ್ದು ನೆನಪಿಲ್ಲ. ನನ್ನ ಕುರ್ಚಿಯ ಹಿಂದಿನ ಗೋಡೆಯ ಮೇಲೆ ‘ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’ ಎಂಬ ಫಲಕವಿತ್ತು. ಜನರನ್ನು ಅಲೆದಾಡಿಸಬಾರದೆಂದು ಇಟ್ಟ ಗಡುವನ್ನು ನಾನು ಅವರ ಅರ್ಜಿಯನ್ನೇ ಹೊರಗೆ ಹಾಕಲು ಬಳಸಿಕೊಂಡಿದ್ದೆ.

ಎರಡು ದಿನಗಳ ನಂತರ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಐವತ್ತು ದಾಟಿದ ರೈತರೊಬ್ಬರು ಮಗಳೊಂದಿಗೆ ಬಂದರು. ಗಂಗಾ ಕಲ್ಯಾಣ ಯೋಜನೆಯ ಕೊಳವೆ ಬಾವಿಗೆ ಅರ್ಜಿ ಹಾಕಲು ಅವರಿಗೆ ಸಣ್ಣ ಹಿಡುವಳಿದಾರರ ಪ್ರಮಾಣ ಪತ್ರ ಬೇಕಾಗಿತ್ತು. ಆ ಯೋಜನೆ ನಡೆಸುವ ನಿಗಮದ ಕಚೇರಿಯಲ್ಲಿ ಅರ್ಜಿ ಸಲ್ಲಿಸಲು ಮರುದಿನವೇ ಕೊನೆಯ ದಿನ. ಕೌಂಟರಿನ ಮುಂದೆ ಹದಿನೈದು ಇಪ್ಪತ್ತು ಜನ ಸರದಿಯಲ್ಲಿದ್ದರು. ಮಗಳು ಮೊಬೈಲ್ ತೆಗೆದು ಎಸ್ಸೆಮ್ಮೆಸ್ಸನ್ನು ಎಲ್ಲರಿಗೂ ಕೇಳುವಂತೆ ಓದಿ, ಸ್ವೀಕೃತಿ ಚೀಟಿಯನ್ನು ನನ್ನ ಮುಂದಿಟ್ಟು ಕೇಳಿದಳು: “ಯಾವ ದಾಖಲೆ ಕಮ್ಮಿ ಐತೆ ಸಾರ್? ಹೇಳಿದ್ರೆ ಈಗಲೇ ತಂದುಕೊಡ್ತೀವಿ.”

ಅದು ಅತ್ಯಂತ ಸರಳವಾದ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಡತ ನೋಡಿ ಹೇಳುತ್ತೇನೆ ಎಂದಿದ್ದರೂ ಸಾಕಿತ್ತು. ಆದರೆ ನಾನು, “ಸರ್ವರ್ ತೊಂದರೆಯಿಂದ ಹಾಗೆ ಬಂದಿರಬಹುದು” ಎಂದುಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಆಪರೇಟರ್ ಟೈಪ್ ಮಾಡುವುದನ್ನು ನಿಲ್ಲಿಸಿದ. ಅವನು ಹೊರಗುತ್ತಿಗೆಯ ಹುಡುಗ. ನನ್ನ ಮುಂದಿನ ಮಾತು ‘ಆಪರೇಟರ್ ತಪ್ಪು ಎಂಟ್ರಿ’ ಎಂದಾಗಬಹುದು ಎಂದು ಅವನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ಹಿಂದೊಮ್ಮೆ ನಾನು ಹಾಗೆ ಹೇಳಿ ಪಾರಾಗಿದ್ದೆ. ಅಂಥ ಒಂದು ದೂರು ಸಾಕು, ಏಜೆನ್ಸಿಯವರು ಅವನನ್ನು ಬಿಡಿಸುತ್ತಿದ್ದರು.

ಅಷ್ಟು ಹೊತ್ತು ಸುಮ್ಮನಿದ್ದ ತಂದೆ ಆಗ ಕೇಳಿದರು: “ನಮ್ ಪಾಣಿ ಸರಿ ಇಲ್ಲ ಅಂತ ಸರ್ವರ್‌ಗೆ ಹೆಂಗ್ ಗೊತ್ತಾಯ್ತು ಸಾಮಿ?”

ಅವರ ದನಿಯಲ್ಲಿ ಕೋಪವಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದರು. ನಾನು ದಾಖಲೆಗಳನ್ನು ತೆರೆದೆ. ಪುಟ ತೆರೆದುಕೊಳ್ಳಲು ಒಂದೆರಡು ನಿಮಿಷ ಹಿಡಿಯಿತು, ಆ ಹೊತ್ತಿನಲ್ಲಿ ಸರದಿಯಲ್ಲಿದ್ದವರು ಯಾರೂ ಮಾತಾಡಲಿಲ್ಲ. ಎರಡು ಎಕರೆ ಹದಿನಾಲ್ಕು ಗುಂಟೆಯ ಪಹಣಿ ಇತ್ತು, ಆಧಾರ್ ಇತ್ತು, ಪಡಿತರ ಚೀಟಿ ಇತ್ತು, ಅಫಿಡವಿಟ್ ಇತ್ತು. ಗ್ರಾಮ ಲೆಕ್ಕಿಗರ ವರದಿಯೂ, ಆರ್.ಐ. ಶಿಫಾರಸ್ಸೂ, ನಾನು ತಿರಸ್ಕರಿಸಿದ ದಿನವೇ ಮಧ್ಯಾಹ್ನ ನನ್ನ ಲಾಗಿನ್‌ಗೆ ಬಂದಿದ್ದವು. ತಿರಸ್ಕರಿಸಲು ಬಳಸಿದಷ್ಟೇ ಸಮಯದಲ್ಲಿ ನಾನು ಅದನ್ನು ಮಂಜೂರು ಮಾಡಬಹುದಾಗಿತ್ತು.

“ದಾಖಲೆ ಎಲ್ಲ ಸರಿಯಾಗಿವೆ. ನಾನೇ ನೋಡದೆ ತಿರಸ್ಕರಿಸಿದೆ, ತಪ್ಪು ನನ್ನದು” ಎಂದೆ. ಮಗಳು ಸ್ವಲ್ಪ ಯೋಚಿಸಿ, “ಹಂಗಂತ ಬರೆದುಕೊಡ್ತೀರಾ ಸಾರ್? ನಾಳೆಯೊಳಗೆ ಪತ್ರ ಸಿಗದಿದ್ರೆ ನಿಗಮದೋರಿಗೆ ತೋರಿಸೋಕಾದ್ರೂ ಬೇಕು” ಎಂದಳು.

ಈ ಮಾತಿಗೆ ನಾನು ತೆಗೆದುಕೊಂಡ ಸಮಯವೇ ಇಂದಿಗೂ ನನ್ನನ್ನು ಹೆಚ್ಚು ಬಾಧಿಸುತ್ತದೆ. ಬಾಯಲ್ಲಿ ಒಪ್ಪಿಕೊಂಡ ತಪ್ಪಿಗೂ ಸಹಿ ಮಾಡಿ ಮೊಹರು ಒತ್ತಿದ ತಪ್ಪಿಗೂ ಸರ್ಕಾರಿ ನೌಕರನ ಮಟ್ಟಿಗೆ ಎಷ್ಟು ಅಂತರವಿದೆ ಎಂಬುದು ನಮ್ಮವರೆಲ್ಲರಿಗೂ ಗೊತ್ತು. ನೋಟಿಸ್, ಇಲಾಖಾ ವಿಚಾರಣೆ, ವೇತನ ಬಡ್ತಿ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಆದರೆ ಆ ಹುಡುಗಿ ಕೇಳುತ್ತಿದ್ದುದು ಕಾನೂನು ಈಗಾಗಲೇ ಅವಳಿಗೆ ಕೊಟ್ಟಿದ್ದನ್ನೇ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಡಿ), ಆಡಳಿತಾತ್ಮಕ ನಿರ್ಧಾರಗಳ ಕಾರಣಗಳನ್ನು ಬಾಧಿತರಿಗೆ ತಿಳಿಸಬೇಕೆಂದು ಹೇಳುತ್ತದೆ, ಅದಕ್ಕಾಗಿ ಅವರು ಅರ್ಜಿ ಕೂಡ ಹಾಕಬೇಕಾಗಿಲ್ಲ. ಕೊನೆಗೆ ಅರ್ಧ ಪುಟ ಬರೆದುಕೊಟ್ಟು, ಪ್ರತಿಯನ್ನು ತಹಶೀಲ್ದಾರರಿಗೂ ಕಳುಹಿಸಿದೆ. ತಿರಸ್ಕೃತ ಅರ್ಜಿಯನ್ನು ನನ್ನ ಲಾಗಿನ್‌ನಲ್ಲಿ ಮತ್ತೆ ಜೀವಂತಗೊಳಿಸಲು ಬರುತ್ತಿರಲಿಲ್ಲವಾದ್ದರಿಂದ ಹೊಸ ಅರ್ಜಿ ಹಾಕಿಸಿ, ಶುಲ್ಕ ನಾನೇ ಕಟ್ಟಿ, ಗ್ರಾಮ ಲೆಕ್ಕಿಗರನ್ನು ಫೋನಿನಲ್ಲಿ ಕರೆಸಿಕೊಂಡು ವರದಿ ಹಾಕಿಸಿದೆ. ಒಂದು ಗಂಟೆಗೆ ಸರ್ವರ್ ನಿಂತಿತು, ಅದು ಮರಳಿ ಬರುವವರೆಗೆ ತಂದೆ ಮಗಳು ಜಗುಲಿಯಲ್ಲಿ ಕುಳಿತಿದ್ದರು. ಡಿಜಿಟಲ್ ಸಹಿಯ ಡಾಂಗಲ್ ಹಾಕಿ ಸಹಿ ಮಾಡಿ ಪ್ರಿಂಟ್ ಕೊಟ್ಟಾಗ ಐದು ಗಂಟೆಯಾಗುತ್ತಿತ್ತು.

ತಹಶೀಲ್ದಾರರು ನನ್ನನ್ನು ಕರೆಸಿ ಕೇಳಿದ ಮೊದಲ ಪ್ರಶ್ನೆ, ಏಕೆ ಬರೆದುಕೊಟ್ಟಿರಿ ಎಂಬುದು. ಏಕೆ ತಿರಸ್ಕರಿಸಿದಿರಿ ಎಂದು ಅವರು ಕೇಳಲಿಲ್ಲ. ಕಾರಣ ಕೇಳಿ ನೋಟಿಸ್ ಬಂತು, ಉತ್ತರಿಸಿದೆ, ಎಚ್ಚರಿಕೆಯೊಂದಿಗೆ ಅದು ಮುಗಿಯಿತು. ಅವರನ್ನು ದೂರುವ ಉದ್ದೇಶ ನನಗಿಲ್ಲ, ಅವರೂ ಅದೇ ತಖ್ತೆಗೆ ಉತ್ತರ ಕೊಡಬೇಕಾದವರು. ಆದರೆ ತಿರಸ್ಕಾರಗಳ ಕಾರಣವನ್ನು ಯಾರೂ ಓದದ ಪ್ರಗತಿ ಪರಿಶೀಲನೆಯಲ್ಲಿ ಸುಳ್ಳು ಕಾರಣಕ್ಕೆ ಬೆಲೆ ತೆರುವವನು ಅರ್ಜಿದಾರ ಮಾತ್ರ. ತಿಂಗಳಿಗೆ ಹತ್ತು ತಿರಸ್ಕೃತ ಅರ್ಜಿಗಳನ್ನು ಮೇಲಧಿಕಾರಿಗಳು ತೆರೆದು ನೋಡಿದರೂ ಈ ರೂಢಿ ಬಹುಪಾಲು ನಿಲ್ಲುತ್ತದೆ ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ನನ್ನ ತಪ್ಪಿನ ಬೇರು ಇನ್ನೂ ಆಳದಲ್ಲಿತ್ತು. ಯಾರಿಂದಲೂ ಒಂದು ರೂಪಾಯಿ ಮುಟ್ಟಿದವನಲ್ಲ, ಲೋಕಾಯುಕ್ತರ ಭಯ ನನಗಿಲ್ಲ, ಆದ್ದರಿಂದ ಜನ ನನ್ನನ್ನು ನಂಬುತ್ತಾರೆ ಎಂಬ ಲೆಕ್ಕಾಚಾರದಲ್ಲಿ ನಾನಿದ್ದೆ. ತಡವಾಯಿತು, ಸಿಬ್ಬಂದಿ ಇಲ್ಲ ಎಂದು ನಿಜ ಹೇಳಿದಾಗ ನಮ್ಮ ಹೋಬಳಿಯ ಜನ ಬೈದರೂ ಕಾದಿದ್ದಾರೆ. ಆದರೆ ಸರಿಯಾಗಿರುವ ಕಾಗದವನ್ನು ಸರಿಯಿಲ್ಲ ಎಂದು ಸರ್ಕಾರವೇ ಬರೆದುಬಿಟ್ಟರೆ ಅವರು ಯಾರ ಹತ್ತಿರ ಹೋಗಿ ಅದನ್ನು ಸುಳ್ಳೆಂದು ಹೇಳಬೇಕು?

ಆ ವಾರಾಂತ್ಯ ಉಳಿದ ಅರ್ಜಿಗಳನ್ನು ಒಂದೊಂದಾಗಿ ತೆರೆದೆ. 31ರಲ್ಲಿ ನಿಜಕ್ಕೂ ದಾಖಲೆ ಕೊರತೆಯಿದ್ದವು 9 ಮಾತ್ರ. ಸರಿಯಾಗಿದ್ದ 22ರಲ್ಲಿ ಕಚೇರಿಗೆ ಬಂದು ವಿಚಾರಿಸಿದವರು ಮೂರು ಜನ. ಅಂದಿನಿಂದ, ಅರ್ಜಿದಾರರಿಗೆ ಒಮ್ಮೆ ಫೋನ್ ಮಾಡದೆ, ಇಂಥದ್ದೇ ದಾಖಲೆ ಇಲ್ಲವೆಂದು ಹೆಸರಿಸದೆ ಯಾವ ಅರ್ಜಿಯನ್ನೂ ತಿರಸ್ಕರಿಸಲಿಲ್ಲ. ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು, ಮೇಲ್ಮನವಿ ಎಲ್ಲಿ ಸಲ್ಲಿಸಬೇಕೆಂಬ ವಿವರದೊಂದಿಗೆ, ಪ್ರತಿ ಸೋಮವಾರ ನೋಟಿಸ್ ಬೋರ್ಡಿಗೆ ಹಾಕಿಸಿದೆ. ಮುಂದಿನ ಎರಡು ತಿಂಗಳು ನಮ್ಮ ಸ್ಥಾನ ಮತ್ತೆ ಕೆಳಗಿಳಿಯಿತು.

ಬಾರದೆ ಉಳಿದ ಹತ್ತೊಂಬತ್ತು ಜನರನ್ನು ಹುಡುಕಿಕೊಂಡು ಗ್ರಾಮ ಲೆಕ್ಕಿಗರ ಬೈಕಿನಲ್ಲಿ ಊರೂರು ತಿರುಗಿದೆ. ಒಬ್ಬ ವಿಧವೆಯ ಮನೆಗೆ ಹೋದಾಗ ಅವರು ಸ್ವೀಕೃತಿ ಚೀಟಿಯನ್ನು ಪಹಣಿಯೊಳಗೆ ಮಡಿಸಿ ಟ್ರಂಕಿನಲ್ಲಿಟ್ಟಿದ್ದರು. ಅವರಿಗೂ ಗಂಗಾ ಕಲ್ಯಾಣಕ್ಕೇ ಪ್ರಮಾಣ ಪತ್ರ ಬೇಕಾಗಿತ್ತು, ಆದರೆ ಕೊನೆಯ ದಿನಾಂಕ ಮುಗಿದು ವಾರವಾಗಿತ್ತು. ಏಕೆ ಬಂದು ಕೇಳಲಿಲ್ಲ ಎಂದಾಗ, “ಆಪೀಸಿನೋರೇ ಆಗಾಕಿಲ್ಲ ಅಂತ ಬರೆದ್ ಮೇಲೆ ಇನ್ನೇನ್ ಕೇಳೋದು ಸಾಮಿ” ಎಂದರು. ಆ ವಾರವೇ ಅವರ ಪ್ರಮಾಣ ಪತ್ರ ಮಾಡಿಸಿ ಮನೆಗೆ ತಲುಪಿಸಿ, ಮುಂದಿನ ವರ್ಷ ಖಂಡಿತ ಅರ್ಜಿ ಹಾಕಿ ಎಂದು ಹೇಳಿಬಂದೆ. ಮುಂದಿನ ವರ್ಷದ ಆಯ್ಕೆ ಪಟ್ಟಿ ಹೊರಬರುವಷ್ಟರಲ್ಲಿ ನನಗೆ ವರ್ಗಾವಣೆಯಾಗಿತ್ತು. ಪಟ್ಟಿ ತರಿಸಿಕೊಂಡು ಎರಡು ಬಾರಿ ನೋಡಿದೆ, ಅವರ ಹೆಸರಿರಲಿಲ್ಲ. ಅವರು ಅರ್ಜಿಯನ್ನೇ ಹಾಕಿರಲಿಲ್ಲವೆಂದು ಗ್ರಾಮ ಲೆಕ್ಕಿಗರು ವಿಚಾರಿಸಿ ತಿಳಿಸಿದರು.