ಎರಡು ಡಿಡಿ, ಒಂದು ಹರಕೆಯ ಕುರಿ

ಬಂತು! ಮಂಗಳವಾರ ಬೆಳಿಗ್ಗೆ, ಒಲೆ ಮೇಲೆ ಹಾಲಿಟ್ಟು ನಿಂತಿದ್ದಾಗ ಫೋನ್ ಟಿಣ್ ಎಂದಿತು. 175 ಪೌಂಡ್. ಅದನ್ನೇ ನೋಡುತ್ತಾ ನಿಂತೆ, ಹಾಲು ಉಕ್ಕಿ ಒಲೆಯೆಲ್ಲ ಗಲೀಜಾಯಿತು, ಹೆಂಡತಿ ಬೈದಳು, ನಾನು ಹಲ್ಲು ಕಿರಿಯುತ್ತಲೇ ಒರೆಸಿದೆ. ನನ್ನ ನಾಲ್ಕನೇ ಸ್ವಿಚ್‌ನ ಬಹುಮಾನ ಇದು. ಸ್ವಿಚ್ ಅಂದರೆ ಇಲ್ಲಿ ಇಂಗ್ಲೆಂಡಿನಲ್ಲಿ ಹಳೆ ಬ್ಯಾಂಕ್ ಖಾತೆ ಮುಚ್ಚಿ, ಅದರಲ್ಲಿದ್ದುದನ್ನೆಲ್ಲ ಹೊಸ ಬ್ಯಾಂಕಿಗೆ ಸಾಗಿಸುವುದು; ಹಾಗೆ ಬಂದವರಿಗೆ ಹೊಸ ಬ್ಯಾಂಕ್ ದುಡ್ಡು ಕೊಡುತ್ತದೆ, ಅದರ ನಿಯಮ ಪಾಲಿಸಿದರೆ. ಮೊದಲ ಎರಡು ಸಲೀಸಾಗಿ ಆಗಿಹೋದವು, ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಮೂರನೆಯದು ಮಣ್ಣು ಮುಕ್ಕಿತು. 150 ಪೌಂಡ್ ಗೋವಿಂದಾ ಗೋವಿಂದ.

ಖಾತೆ ತೆರೆಯುವುದು, ಮುಖ ಎಡಕ್ಕೆ ತಿರುಗಿಸಿ ಬಲಕ್ಕೆ ತಿರುಗಿಸಿ ಸೆಲ್ಫಿ ಕೊಡುವುದು, ನಿಯಮಕ್ಕೆಂದು ಅದೇ 1,500 ಪೌಂಡನ್ನು ಈ ಖಾತೆಯಿಂದ ಆ ಖಾತೆಗೆ ಗಾಣದ ಎತ್ತಿನ ಹಾಗೆ ಸುತ್ತಿಸುವುದು, ಇದೆಲ್ಲ ಇದ್ದದ್ದೇ. ಬಿಟ್ಟುಬಿಡೋಣ. ನನ್ನ ತಲೆ ತಿಂದದ್ದು ನಿಯಮದಲ್ಲಿದ್ದ ಒಂದೇ ಸಾಲು: ಸ್ವಿಚ್ ಮುಗಿದ 60 ದಿನದೊಳಗೆ ಹೊಸ ಖಾತೆಯಲ್ಲಿ ಎರಡು ಆಕ್ಟಿವ್ ಡೈರೆಕ್ಟ್ ಡೆಬಿಟ್ ಇರಬೇಕು. ಡೈರೆಕ್ಟ್ ಡೆಬಿಟ್, ಚಿಕ್ಕದಾಗಿ ಡಿಡಿ, ಅಂದರೆ ಬಿಲ್ಲಿನ ದುಡ್ಡನ್ನು ಕಂಪನಿಯೇ ನಮ್ಮ ಖಾತೆಯಿಂದ ಎಳೆದುಕೊಳ್ಳಲಿ ಎಂದು ನಾವು ಕೊಡುವ ಒಪ್ಪಿಗೆ.

ಒಂದು ಸಲ ಊರಿಗೆ ಫೋನ್ ಮಾಡಿದ್ದಾಗ ಅಪ್ಪನ ಹತ್ತಿರ, "ಎರಡು ಡಿಡಿ ಬೇಕಾಗಿದೆ, ಅದರದ್ದೇ ತಲೆನೋವು" ಎಂದುಬಿಟ್ಟೆ. "ಯಾರ ಹೆಸರಿಗೆ? ಪೇಯಬಲ್ ಅಟ್ ಬೆಂಗಳೂರಾ? ಮಗಳಿನ್ನೂ ಎರಡನೇ ಕ್ಲಾಸ್ ಅಲ್ವಾ, ಈಗಲೇ ಯಾವ ಕಾಲೇಜಿಗೆ?" ಎಂದರು. ಅವರ ಮಟ್ಟಿಗೆ ಡಿಡಿ ಅಂದರೆ ಡಿಮ್ಯಾಂಡ್ ಡ್ರಾಫ್ಟ್. ನಿಜ ಹೇಳಬೇಕೆಂದರೆ ಅದೇ ವಾಸಿ. ಕೌಂಟರಿನಲ್ಲಿ ದುಡ್ಡು ಕೊಟ್ಟರೆ ಕಾಗದ ಕೈಗೆ ಬರುತ್ತದೆ. ಇಲ್ಲಿಯ ಡಿಡಿ ಇದೆಯೋ ಇಲ್ಲವೋ ಎಂದು ತಿಳಿಯುವುದಕ್ಕೇ ಎರಡು ತಿಂಗಳು ಬೇಕು.

ಮೂರನೇ ಸ್ವಿಚ್‌ನಲ್ಲಿ ನಾನು ಭಾರಿ ಧೈರ್ಯದಿಂದ ನನ್ನ ಮುಖ್ಯ ಖಾತೆಯನ್ನೇ ಕಳಿಸಿದ್ದೆ. ಹೊಸ ಬ್ಯಾಂಕನ್ನು ಬೀಗರು ಎಂದು ಕರೆಯುತ್ತೇನೆ. ಬಳುವಳಿಯಾಗಿ ಎರಡು ಡಿಡಿ ಕೇಳಿದವರನ್ನು ಇನ್ನೇನೆನ್ನಬೇಕು? ಒಂದು ಡಿಡಿ ಫೋನ್ ಸಿಮ್‌ನದು, ಇನ್ನೊಂದು ಕೌನ್ಸಿಲ್ ಟ್ಯಾಕ್ಸ್, ಅಂದರೆ ನಮ್ಮ ಮನೆ ಕಂದಾಯ. ಇದಕ್ಕಿಂತ ಗಟ್ಟಿ ಡಿಡಿ ಯಾವುದಿದೆ? ಸರ್ಕಾರ ದುಡ್ಡು ತೆಗೆದುಕೊಳ್ಳದೆ ಬಿಡುತ್ತದಾ? ಫೆಬ್ರವರಿ ಮೊದಲ ವಾರ ಸ್ವಿಚ್ ಮುಗಿಯಿತು. ಆ್ಯಪ್‌ನಲ್ಲಿ ಎರಡರ ಮುಂದೆಯೂ ಹಸಿರು ಬಣ್ಣದಲ್ಲಿ ಆಕ್ಟಿವ್ ಎಂದು ಬರೆದಿತ್ತು. ನಾನು ಕಾಲು ಚಾಚಿ ಕೂತೆ.

ಏಪ್ರಿಲ್ ಬಂತು, ದುಡ್ಡು ಬರಲಿಲ್ಲ. ಚಾಟ್‌ನಲ್ಲಿ ಮೊದಲು ಒಂದು ರೋಬೋ, ಆಮೇಲೆ ಒಬ್ಬ ಮನುಷ್ಯ, ಆಮೇಲೆ ರೋಬೋವೋ ಮನುಷ್ಯನೋ ಗೊತ್ತಾಗದ ಇನ್ನೊಂದು. ಕೊನೆಗೆ ಉತ್ತರ: ನಿಮ್ಮದು ಒಂದೇ ಆಕ್ಟಿವ್ ಡೈರೆಕ್ಟ್ ಡೆಬಿಟ್. ನಾನು ಹಸಿರು ಬಣ್ಣದ ಸ್ಕ್ರೀನ್‌ಶಾಟ್ ಕಳಿಸಿದೆ. ಅವರು ನಿಯಮದ ಆರನೇ ಪುಟದ ಸಾಲು ಕಳಿಸಿದರು. ಆಕ್ಟಿವ್ ಅಂದರೆ ಆ 60 ದಿನದಲ್ಲಿ ಒಂದು ಸಲವಾದರೂ ಹೊಸ ಖಾತೆಯಿಂದ ದುಡ್ಡು ಹೋಗಿರಬೇಕಂತೆ.

ಹೋಗಿದೆಯಲ್ಲ, ಕೌನ್ಸಿಲ್‌ನವರು ತಿಂಗಳು ತಿಂಗಳು ಕೀಳುತ್ತಾರಲ್ಲ, ಎಂದು ಸ್ಟೇಟ್‌ಮೆಂಟ್ ತೆಗೆದೆ. ಫೆಬ್ರವರಿ, ಇಲ್ಲ. ಮಾರ್ಚ್, ಇಲ್ಲ. ಆಗ ಹೊಳೆಯಿತು ನೋಡಿ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ನಾವಾಗಿ 12 ಕಂತು ಕೇಳದಿದ್ದರೆ 10 ಕಂತು. ಏಪ್ರಿಲ್‌ನಿಂದ ಜನವರಿ. ಫೆಬ್ರವರಿ, ಮಾರ್ಚ್ ಎರಡು ತಿಂಗಳು ಅವರೂ ಕೇಳುವುದಿಲ್ಲ, ನಾವೂ ಕೊಡುವುದಿಲ್ಲ. ವರ್ಷವರ್ಷ ಆ ಎರಡು ತಿಂಗಳು ಜೇಬಿಗೆ ಬಿಡುವು ಎಂದು ಖುಷಿಪಟ್ಟವನು ನಾನೇ! ಈ ಸಲ ಬೀಗರ 60 ದಿನ ಸರಿಯಾಗಿ ಆ ಗುಂಡಿಯೊಳಗೇ ಬಿದ್ದಿತ್ತು. ಹೊಸ ವರ್ಷದ ಮೊದಲ ಕಂತು ಏಪ್ರಿಲ್ 15ಕ್ಕೆ ಹೋಯಿತು. ಗಡುವು ಮುಗಿದು ವಾರದ ಮೇಲಾಗಿತ್ತು.

ದೂರು ಬರೆದೆ. ಬಹಳ ವಿನಯದಿಂದ ಇಲ್ಲ ಎಂದರು. ಒಂಬುಡ್ಸ್‌ಮನ್ ತನಕ ಹೋಗೋಣ ಎಂದು ಎರಡು ರಾತ್ರಿ ಹಲ್ಲು ಕಡಿದೆ, ಆಮೇಲೆ ಆ ಆರನೇ ಪುಟ ಮತ್ತೆ ಓದಿದೆ. ಸ್ಪಷ್ಟವಾಗಿಯೇ ಬರೆದಿದ್ದಾರೆ. ಓದದವನು ನಾನು. ಆದರೂ ಒಂದು ಮಾತು. ಆ್ಯಪ್‌ನಲ್ಲಿ ಒಂದು ಅರ್ಥ, ನಿಯಮದಲ್ಲಿ ಇನ್ನೊಂದು ಅರ್ಥ ಇಟ್ಟುಕೊಂಡು ಎರಡಕ್ಕೂ ಆಕ್ಟಿವ್ ಎಂದೇ ಹೆಸರಿಟ್ಟವರಿಗೆ ಏನೆನ್ನಬೇಕು? ಅದೇ ಪಟ್ಟಿಯಲ್ಲಿ ಇನ್ನೂ ಐದು ಡಿಡಿ ಆಕ್ಟಿವ್ ಆಗಿ ಹೊಳೆಯುತ್ತಿದ್ದವು. ಎರಡು ಮನೆ ಹಿಂದಿನ ಕರೆಂಟ್ ಕಂಪನಿ, ಯಾವತ್ತೋ ಬಿಟ್ಟ ಪತ್ರಿಕೆ, ಮಾರಿಹೋದ ಕಾರಿನ ವಿಮೆ. ಸ್ವಿಚ್ ಆದಾಗ ಇವೆಲ್ಲ ಕರೆಯದೆ ಬಂದ ನೆಂಟರ ಹಾಗೆ ದಿಬ್ಬಣದ ಬಸ್ ಹತ್ತಿ ಬಂದುಬಿಟ್ಟಿವೆ. ಸತ್ತ ಡಿಡಿಗಳು. ಹಸಿರು ಬಣ್ಣ ಮಾತ್ರ ಜೀವಂತ.

ಸರಿ, ನಾಲ್ಕನೆಯದಕ್ಕೆ ಯುದ್ಧದ ತಯಾರಿ. ಮುಖ್ಯ ಖಾತೆ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ. ಬೇರೆ ಬ್ಯಾಂಕಿನಲ್ಲಿ ಒಂದು ಖಾಲಿ ಖಾತೆ ತೆರೆದು, ಅದಕ್ಕೆ ಎರಡು ಡಿಡಿ ಕಟ್ಟಿ, ಮೇಯಿಸಿ, ಸಮಯ ಬಂದಾಗ ಕಡಿಯಲು ಕಳಿಸುವುದು. ಇದನ್ನು ಈ ಚಟದವರು ಡೋನರ್ ಖಾತೆ ಎನ್ನುತ್ತಾರೆ. ನನ್ನ ಎಕ್ಸೆಲ್‌ನಲ್ಲಿ ಅದರ ಹೆಸರು ಹರಕೆಯ ಕುರಿ. ಈ ಸಲದ ಬೀಗರ ನಿಯಮ ಇನ್ನೊಂದು ಥರ. ಎರಡು ಡಿಡಿ ಸ್ವಿಚ್ ಜೊತೆಗೇ ಬರಬೇಕು, ಆಮೇಲೆ ಹೊಸ ಖಾತೆಯಲ್ಲಿ ಮಾಡಿಕೊಂಡರೆ ಲೆಕ್ಕಕ್ಕಿಲ್ಲ. ಅಂದರೆ ಸ್ವಿಚ್ ಗುಂಡಿ ಒತ್ತುವ ಮೊದಲೇ ಕುರಿಯ ಕೊರಳಲ್ಲಿ ಎರಡೂ ಗಂಟೆ ಇರಬೇಕು.

ಗಂಟೆ ಹುಡುಕಲು ಹೊರಟೆ. ಜಿಮ್‌ನವನು ತಿಂಗಳು ತಿಂಗಳು ನೇರವಾಗಿ ಕಡಿತವಾಗುತ್ತದೆ ಎಂದ, ನಂಬಿ ಫಾರಂ ತುಂಬಿದರೆ ಕೇಳಿದ್ದು ಕಾರ್ಡಿನ 16 ಅಂಕಿ. ಅದು ಡಿಡಿ ಅಲ್ಲ, ಕಾರ್ಡ್ ಚಂದಾ. 6 ಅಂಕಿಯ ಸಾರ್ಟ್ ಕೋಡ್ (ಬ್ಯಾಂಕ್ ಶಾಖೆಯ ಗುರುತು), 8 ಅಂಕಿಯ ಖಾತೆ ಸಂಖ್ಯೆ ಕೇಳಿದರೆ ಮಾತ್ರ ಡಿಡಿ ಎಂದು ಹಳಬರಿಗೆ ಗೊತ್ತು, ನನಗೂ ಗೊತ್ತಿತ್ತು, ಆದರೂ ಒಂದು ತಿಂಗಳ ಜಿಮ್ ದುಡ್ಡು ದಂಡ. ಹೋಗಿದ್ದು ಒಂದೇ ದಿನ. ಕ್ರೆಡಿಟ್ ಕಾರ್ಡಿಗೆ ಡಿಡಿ ಕಟ್ಟಿದರೆ ಬಾಕಿ ಇದ್ದಾಗ ಮಾತ್ರ ಕಡಿತ. ನಾನು ಬಾಕಿ ಇಟ್ಟುಕೊಳ್ಳುವ ಜಾತಿಯಲ್ಲ, ಖರ್ಚು ಮಾಡಿದ ಸಂಜೆಯೇ ಕಟ್ಟಿಬಿಡುವ ರೋಗ. ಡಿಡಿ ಬಂದು ನೋಡುತ್ತದೆ, ಸೊನ್ನೆ, ವಾಪಸ್ ಹೋಗುತ್ತದೆ. ಬೇಕೆಂದೇ ಒಂದು ಸಲ ಕೊತ್ತಂಬರಿ, ಹಸಿಮೆಣಸು ಕೊಂಡು ಬಾಕಿ ಬಿಡೋಣ ಎಂದುಕೊಂಡೆ. ಆದರೆ ಬಿಲ್ ಬಂದು ಕಡಿತವಾಗುವ ಹೊತ್ತಿಗೆ ಹತ್ತಿರ ಹತ್ತಿರ ಎರಡು ತಿಂಗಳು, ಅಷ್ಟರಲ್ಲಿ ಆಫರ್ ಇರುತ್ತದೋ ಇಲ್ಲವೋ.

ಆಮೇಲೆ ಉಳಿತಾಯದ ಆ್ಯಪ್. ನಿಮ್ಮ ಖರ್ಚು ನೋಡಿ ನಾವೇ ಜಾಣತನದಿಂದ ಎತ್ತಿಡುತ್ತೇವೆ ಎನ್ನುವ ಜಾತಿಯದು. ಕುರಿಯನ್ನು ಜೋಡಿಸಿದೆ. ಕುರಿಯಲ್ಲಿ ಇದ್ದದ್ದು 3 ಪೌಂಡ್. ಒಂದು ವಾರ ಬಿಟ್ಟು ಮೆಸೇಜ್ ಬಂತು: ಈ ವಾರ ನಿಮಗೆ ಕಷ್ಟ ಇರುವ ಹಾಗಿದೆ, ನಾವು ಏನೂ ತೆಗೆಯುತ್ತಿಲ್ಲ. ಅಯ್ಯೋ ಪುಣ್ಯಾತ್ಮ, ತೆಗಿ! ಬೇಡಿಕೊಂಡರೂ ತೆಗೆಯಲಿಲ್ಲ. ಕೊನೆಗೆ ಆ ಜಾಣತನವನ್ನು ಬಂದ್ ಮಾಡಿ ವಾರಕ್ಕೆ 1 ಪೌಂಡ್ ಎಂದು ನಿಗದಿ ಮಾಡಿದ ಮೇಲೆ ದಾರಿಗೆ ಬಂತು.

ಎರಡನೆಯದಕ್ಕೆ ಒಂದು ದತ್ತಿ ಸಂಸ್ಥೆಗೆ ತಿಂಗಳಿಗೆ 2 ಪೌಂಡ್ ಕೊಟ್ಟೆ. ಮೊದಲ ಕಡಿತಕ್ಕೆ ಐದು ವಾರ ಕಾಯಿಸಿದರು, ಆ ಐದು ವಾರದಲ್ಲಿ ಮೂರು ಸಲ ಫೋನ್ ಮಾಡಿ 5 ಪೌಂಡ್ ಮಾಡುತ್ತೀರಾ ಎಂದು ಕೇಳಿದರು. ಮೊದಲು ಕೊಟ್ಟ ಎರಡನ್ನು ತೆಗೆದುಕೊಳ್ಳಿ ಮಾರಾಯರೇ ಎಂದೆ. ಸ್ವಿಚ್ ದುಡ್ಡು ಬಂದ ಮೇಲೆ ಅದನ್ನು ನಿಲ್ಲಿಸುವುದು ಯಾಕೋ ಸರಿ ಕಾಣಲಿಲ್ಲ, ಹಾಗೇ ಬಿಟ್ಟಿದ್ದೇನೆ.

ಈಗ ಮುಖ್ಯ ವಿಷಯ, ಸಮಯ. ಊರಿನಲ್ಲಿ ಯುಪಿಐ ಆಟೊಪೇ ಪಿನ್ ಒತ್ತಿದ ತಕ್ಷಣ ಆ್ಯಪ್‌ನಲ್ಲಿ ಕೂತಿರುತ್ತದೆ. ಇಲ್ಲಿಯ ಡಿಡಿ ಓಡಾಡುವುದು ಬ್ಯಾಕ್ಸ್ ಎನ್ನುವ, 1968ರಲ್ಲಿ ಶುರುವಾದ ವ್ಯವಸ್ಥೆಯಲ್ಲಿ. ಒಂದನೇ ದಿನ ಕಂಪನಿ ಕಡತ ಕಳಿಸುತ್ತದೆ, ಎರಡನೇ ದಿನ ಅದು ಅರೆದು ಬೇರೆಯಾಗುತ್ತದೆ, ಮೂರನೇ ದಿನ ಬ್ಯಾಂಕ್ ಮುಟ್ಟುತ್ತದೆ. ಕೆಲಸದ ದಿನ ಮಾತ್ರ ಲೆಕ್ಕ. ನಾನು ಗುರುವಾರ ರಾತ್ರಿ ಉಳಿತಾಯದ ಡಿಡಿ ಕಟ್ಟಿದೆ. ಶುಕ್ರವಾರ ಬೆಳಿಗ್ಗೆ ಆ್ಯಪ್ ಎಲ್ಲ ಸಿದ್ಧ ಎಂದಿತು. ಮೂರನೇ ಸ್ವಿಚ್‌ನ ನಾನಾಗಿದ್ದರೆ ಅವತ್ತೇ ಸ್ವಿಚ್ ಒತ್ತುತ್ತಿದ್ದೆ, ಕುರಿ ಬೋಳು ಕೊರಳಲ್ಲೇ ಬೀಗರ ಮನೆ ಸೇರುತ್ತಿತ್ತು. ಈ ಸಲ ಕುರಿಯ ಬ್ಯಾಂಕಿನ ಪಟ್ಟಿ ನೋಡಿದೆ. ಖಾಲಿ. ಶನಿವಾರ, ಭಾನುವಾರ ಇಲ್ಲ. ಸೋಮವಾರ ಮೇ ತಿಂಗಳ ಮೊದಲ ಸೋಮವಾರ, ಬ್ಯಾಂಕ್ ರಜೆ. ಮಂಗಳವಾರ ಖಾಲಿ. ಬುಧವಾರ ಬೆಳಿಗ್ಗೆ ಆರೂವರೆಗೆ ನೋಡಿದರೆ ಕಾಣಿಸಿತು! ಬಾಣಂತಿ ಮನೆಯಲ್ಲಿ ಮಗುವಿನ ಮುಖ ನೋಡಿದಷ್ಟು ಖುಷಿ.

ಆದರೂ ಒತ್ತಲಿಲ್ಲ. ಎರಡೂ ಡಿಡಿ ಕುರಿಯಿಂದ ಒಂದೊಂದು ಸಲವಾದರೂ ದುಡ್ಡು ಎಳೆಯಲಿ, ಆಮೇಲೆ ನೋಡೋಣ ಎಂದು ಕೂತೆ. ನಿಯಮ ಇದನ್ನು ಕೇಳಿರಲಿಲ್ಲ. ಆದರೆ ಒಮ್ಮೆ ಬೆರಳು ಸುಟ್ಟವನಿಗೆ ಮಜ್ಜಿಗೆಯೂ ಬಿಸಿ. ಎಕ್ಸೆಲ್‌ನಲ್ಲಿ ಕೊನೆಯ ಕಡಿತ ಎಂಬ ಹೊಸ ಕಾಲಂ ಮಾಡಿದೆ. ಹಸಿರು ಬಣ್ಣಕ್ಕೆ ಕಾಲಂ ಇಲ್ಲ. ದತ್ತಿಯವರ 2 ಪೌಂಡ್ ಜೂನ್ ಮೊದಲ ವಾರ ಹೋದ ಮಾರನೇ ದಿನ, ಮುಂದಿನ ಕಡಿತಗಳು ಯಾವಾಗ ಎಂದು ನೋಡಿಕೊಂಡು, ಕಡಿತದ ದಿನಕ್ಕೂ ಸ್ವಿಚ್ ದಿನಕ್ಕೂ ಡಿಕ್ಕಿಯಾಗದ ಹಾಗೆ ತಾರೀಕು ಆರಿಸಿ ಒತ್ತಿದೆ. ಏಳು ಕೆಲಸದ ದಿನ. ಎಂಟನೇ ದಿನ ಕುರಿ ಸ್ವರ್ಗಸ್ಥ, ಎರಡು ಗಂಟೆಯೂ ಬೀಗರ ಮನೆಯಲ್ಲಿ ಟಣ್ ಟಣ್.

ಕಾಯುವ ಆ ದಿನಗಳಲ್ಲಿ ಬೇಡದ್ದನ್ನೆಲ್ಲ ಓದಿದೆ. ಈ ಡೈರೆಕ್ಟ್ ಡೆಬಿಟ್ ಹುಟ್ಟಿದ್ದು 1964ರಲ್ಲಿ, ಯೂನಿಲಿವರ್ ಕಂಪನಿಯಲ್ಲಿ, ಐಸ್‌ಕ್ರೀಂ ಮಾರುವವರಿಂದ ದುಡ್ಡು ವಸೂಲಿ ಮಾಡಲು. ಅಲಸ್ಟೇರ್ ಹ್ಯಾಂಟನ್ ಎನ್ನುವವರ ತಲೆಯಲ್ಲಿ ಹೊಳೆದದ್ದು. ಓದಿದಾಗ ನನಗೆ ನೆನಪಾದದ್ದು ಪಿಗ್ಮಿ. ಅಪ್ಪನ ಅಂಗಡಿಗೆ ದಿನಾ ಸಂಜೆ ಸೈಕಲ್ಲಿನಲ್ಲಿ ಬರುತ್ತಿದ್ದ ಪಿಗ್ಮಿ ಏಜೆಂಟ್, ಕಂಕುಳಲ್ಲಿ ಚೀಲ, ಕಿವಿಯಲ್ಲಿ ಪೆನ್ನು. ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರು 1928ರಲ್ಲೇ ಶುರು ಮಾಡಿದ್ದು, ದಿನಕ್ಕೆ ಎರಡಾಣೆ, ಬ್ಯಾಂಕೇ ಮನೆ ಬಾಗಿಲಿಗೆ. ಅವರ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ವಾರಕ್ಕೆ 1 ಪೌಂಡ್ ಎಳೆಯುವ ನನ್ನ ಆ್ಯಪ್ ಮಾಡುತ್ತಿರುವುದೂ ಅದೇ ಕೆಲಸ. ವ್ಯತ್ಯಾಸ ಇಷ್ಟೇ, ಪಿಗ್ಮಿಯವನು ನಿಮಗೆ ಕಷ್ಟ ಇರುವ ಹಾಗಿದೆ ಎಂದು ವಾಪಸ್ ಹೋಗುತ್ತಿರಲಿಲ್ಲ. ಕೂತು ಚಹಾ ಕುಡಿದು ದುಡ್ಡು ತೆಗೆದುಕೊಂಡೇ ಹೋಗುತ್ತಿದ್ದ.

ಇಷ್ಟೊಂದು ಕಡೆ ಖಾತೆ ಸಂಖ್ಯೆ ಕೊಟ್ಟು ಭಯವಾಗುವುದಿಲ್ಲವಾ ಎಂದು ಹೆಂಡತಿ ಕೇಳಿದಳು. ಇಲ್ಲ. ಡಿಡಿಯಲ್ಲಿ ತಪ್ಪಾಗಿ ದುಡ್ಡು ಹೋದರೆ ಬ್ಯಾಂಕೇ ತಕ್ಷಣ ಪೂರ್ತಿ ವಾಪಸ್ ಕೊಡಬೇಕು, ಅದಕ್ಕೆ ಗ್ಯಾರಂಟಿ ಇದೆ. ಅದು ಬಿಟ್ಟರೆ ಕುರಿಯಲ್ಲಿ ಇದ್ದದ್ದೇ ಬಿಡಿಗಾಸು, ಕದ್ದರೂ ಕಳ್ಳನಿಗೇ ನಾಚಿಕೆ.

ಮುಂದಿನ ಪ್ರಾಜೆಕ್ಟ್ ಅವಳದೇ. ನನ್ನ ಹೆಸರಿಗೆ ಈ ಬೀಗರ ಬಾಗಿಲು ಮುಚ್ಚಿತು, ಅವಳಿಗೆ ಇನ್ನೂ ತೆರೆದಿದೆ. ಒಂಟಿ ಖಾತೆಯನ್ನು ಜಂಟಿ ಖಾತೆಗೆ ಸ್ವಿಚ್ ಮಾಡಬಹುದು, ಜಂಟಿಯನ್ನು ಒಂಟಿಗೆ ಆಗುವುದಿಲ್ಲ. ಮದುವೆಯ ಹಾಗೇ. ಹಾಗಾಗಿ ಯಾವ ಕ್ರಮದಲ್ಲಿ ಹೋದರೆ ಇಬ್ಬರಿಗೂ ಸಿಗುತ್ತದೆ ಎಂದು ಕಾಗದದಲ್ಲಿ ಬಾಣ ಬಿಡಿಸುತ್ತಾ ಕೂತಿದ್ದೇನೆ. ಫ್ರಿಜ್ ಮೇಲೆ ಅಂಟಿಸಿದ್ದೇನೆ, ಮಗಳು ಅದರ ಸುತ್ತ ನಿಜವಾದ ಕುರಿಗಳನ್ನು ಬರೆದಿದ್ದಾಳೆ. ಹೆಂಡತಿ ಒಪ್ಪಿದ್ದಾಳೆ, ಆದರೆ ದುಡ್ಡು ಪೂರ್ತಿ ಅವಳದು, ಒಲೆ ಒರೆಸುವುದು ನನ್ನದು. ಮೊದಲು ಅವಳ ಖಾತೆಯಲ್ಲಿ ಸತ್ತ ಡಿಡಿಗಳು ಎಷ್ಟಿವೆ ನೋಡಬೇಕು. ನಿನ್ನೆಯಿಂದ ಕೇಳುತ್ತಿದ್ದೇನೆ, ಫೋನ್ ಮಾತ್ರ ಕೈಗೆ ಕೊಡುತ್ತಿಲ್ಲ.